ಬೆಂಬಲ ಗುಂಪಿನಲ್ಲಿ ಹಳಬರದ್ದೇ ಮಾತು: ಹೊಸಬರು ಏನು ಮಾಡಬೇಕು?

ಪ್ರಶ್ನೆ: ವಿಚ್ಛೇದನವಾದ ಮೇಲೆ, ಎಂಟು ತಿಂಗಳ ಹಿಂದೆ, ಪುರುಷರ ಬೆಂಬಲ ಗುಂಪೊಂದಕ್ಕೆ ಸೇರಿದೆ. ಹನ್ನೆರಡು ಮಂದಿ ಇದ್ದೇವೆ. ವಾರಕ್ಕೊಮ್ಮೆ ಒಂದೂವರೆ ಗಂಟೆ ಕೂರುತ್ತೇವೆ. ವೃತ್ತಿಪರ ಸಲಹೆಗಾರರು ಯಾರೂ ಇಲ್ಲ, ನಾವು ನಾವೇ ನಡೆಸಿಕೊಂಡು ಹೋಗುತ್ತೇವೆ. ಗುಂಪು ಶುರುವಾದಾಗಿನಿಂದ ಇರುವ ಮೂವರು ಒಳ್ಳೆಯವರೇ. ಆದರೆ ಬಹುಪಾಲು ಹೊತ್ತು ಅವರದ್ದೇ ಮಾತು. ಯಾರು ಏನು ಹೇಳಿಕೊಂಡರೂ ಅದು ಕೊನೆಗೆ ಅವರ ಕತೆಗೇ ತಿರುಗುತ್ತದೆ. ಏನಾದರೂ ಬದಲಾಯಿಸೋಣ ಎಂದರೆ ‘ಅದನ್ನೆಲ್ಲ ಮಾಡಿ ನೋಡಿದ್ದಾಯಿತು’ ಎನ್ನುತ್ತಾರೆ. ನನ್ನ ನಂತರ ಬಂದ ಮೂವರಲ್ಲಿ ಇಬ್ಬರು ಬರುವುದನ್ನೇ ಬಿಟ್ಟಿದ್ದಾರೆ. ಕಷ್ಟದ ದಿನಗಳಲ್ಲಿ ಇದೇ ಗುಂಪು ನನ್ನ ಕೈಹಿಡಿದಿತ್ತು, ಹಾಗಾಗಿ ಕೃತಘ್ನನಾಗಲು ಮನಸ್ಸಿಲ್ಲ. ಮಾತೆತ್ತಲೇ, ಸುಮ್ಮನಿರಲೇ, ಬಿಟ್ಟುಬಿಡಲೇ?

ಉತ್ತರ: ಮಾತೆತ್ತಿ. ಆ ಮೂವರ ಸ್ವಭಾವದ ಬಗ್ಗೆ ಬೇಡ, ಸಭೆ ನಡೆಯುವ ರೀತಿಯ ಬಗ್ಗೆ ಎತ್ತಿ. ‘ನಾವು ನಾವೇ ನಡೆಸಿಕೊಂಡು ಹೋಗುತ್ತೇವೆ’ ಎಂದು ಬರೆದಿದ್ದೀರಲ್ಲ, ತೊಡಕು ಇರುವುದು ಅಲ್ಲೇ. ಯಾರೂ ನಡೆಸದ ಸಭೆ ಎಂಬುದು ಇಲ್ಲ. ನಡೆಸುವವರು ಯಾರೆಂದು ಗುಂಪು ತೀರ್ಮಾನಿಸದೆ ಹೋದರೆ, ಎಲ್ಲರಿಗಿಂತ ಮೊದಲು ಬಂದವರು ಆ ಜಾಗದಲ್ಲಿ ತಾವಾಗಿಯೇ ಕೂತಿರುತ್ತಾರೆ. ಎಷ್ಟೋ ಸಲ ಕೂತಿದ್ದೇವೆಂಬುದು ಅವರಿಗೇ ತಿಳಿದಿರುವುದಿಲ್ಲ. ಅಮೆರಿಕದ ಸ್ತ್ರೀವಾದಿ ಜೋ ಫ್ರೀಮನ್ ಅವರು 1970ರಲ್ಲಿ ಅಲ್ಲಿನ ಮಹಿಳಾ ಗುಂಪುಗಳನ್ನು ನೋಡಿ ಈ ಮಾತನ್ನು ಎತ್ತಿದ್ದರು. ಕಟ್ಟುಪಾಡೇ ಬೇಡ, ಎಲ್ಲರೂ ಸಮಾನರು ಎಂದು ಹೊರಟ ಗುಂಪಿನಲ್ಲೂ ಒಳಗೊಳಗೇ ಒಂದು ಕೂಟ ಹುಟ್ಟಿಕೊಳ್ಳುತ್ತದೆ, ಅದಕ್ಕೆ ಹೆಸರಿಲ್ಲದ ಕಾರಣ ಅದನ್ನು ಯಾರೂ ಪ್ರಶ್ನಿಸಲಾರರು ಎಂಬುದು ಅವರ ವಾದದ ತಿರುಳು. ಅರ್ಧ ಶತಮಾನ ಕಳೆದರೂ, ಗಂಡಸರೇ ಕೂತ ಕೋಣೆಯಲ್ಲೂ, ಆ ವಾದದಲ್ಲಿ ಒಂದಕ್ಷರ ಬದಲಿಸಬೇಕಾಗಿಲ್ಲ.

ಮೊದಲು ಸ್ವಲ್ಪ ಲೆಕ್ಕ. ತೊಂಬತ್ತು ನಿಮಿಷ, ಹನ್ನೆರಡು ಮಂದಿ. ಸಮನಾಗಿ ಹಂಚಿದರೆ ತಲೆಗೆ ಏಳೂವರೆ ನಿಮಿಷ. ಮೂವರು ಇಪ್ಪತ್ತಿಪ್ಪತ್ತು ನಿಮಿಷ ತೆಗೆದುಕೊಂಡರೆ ಉಳಿದ ಒಂಬತ್ತು ಮಂದಿಗೆ ಸಿಗುವುದು ಒಟ್ಟು ಅರ್ಧ ಗಂಟೆ, ಒಬ್ಬೊಬ್ಬರಿಗೆ ಮೂರು ನಿಮಿಷ ಚಿಲ್ಲರೆ. ಮಗನ ಪಾಲನೆಯ ವ್ಯಾಜ್ಯವನ್ನೋ ಹೋದ ಕೆಲಸವನ್ನೋ ಕುಡಿತ ಮತ್ತೆ ಶುರುವಾದದ್ದನ್ನೋ ಮೂರು ನಿಮಿಷದಲ್ಲಿ ಹೇಳುವ ಗಂಡಸನ್ನು ನಾನಂತೂ ಕಂಡಿಲ್ಲ. ಮೊದಲ ಎರಡು ನಿಮಿಷ ಅವನು ‘ಅಂಥದ್ದೇನೂ ಇಲ್ಲ, ಎಲ್ಲ ನಡೆಯುತ್ತಿದೆ’ ಎಂದು ಸುತ್ತುಹೊಡೆಯುತ್ತಾನೆ. ಅವನು ವಿಷಯಕ್ಕೆ ಬರುವುದು ಆ ಎರಡು ನಿಮಿಷವನ್ನು ಯಾರೋ ತಾಳ್ಮೆಯಿಂದ ಕೇಳಿದ ಮೇಲೆ.

ಸಮಯಕ್ಕಿಂತ ದೊಡ್ಡ ತೊಂದರೆ ವೇಗದ್ದು. ಜನ ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವೆ ಎಷ್ಟು ಬಿಡುವು ಇರುತ್ತದೆಂದು ಭಾಷಾ ಸಂಶೋಧಕರು ಬೇರೆ ಬೇರೆ ನಾಡುಗಳ ಹತ್ತು ಭಾಷೆಗಳಲ್ಲಿ ಅಳೆದಿದ್ದಾರೆ. 2009ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸರಾಸರಿ ಬಿಡುವು ಸುಮಾರು 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಕಣ್ಣು ಮಿಟುಕಿಸುವಷ್ಟು ಹೊತ್ತು. ಹರಟೆಗೆ ಅಷ್ಟು ಸಾಕು. ಆದರೆ ತನ್ನ ದುಃಖವನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವೇ ಇಲ್ಲದವನಿಗೆ ಒಂದು ಮಾತು ಹುಡುಕಲು ಐದಾರು ಸೆಕೆಂಡು ಬೇಕಾಗುತ್ತದೆ. ಹಳಬರಿಗೆ ಆ ಕಷ್ಟವಿಲ್ಲ. ಅವರ ಕತೆಗಳು ಹೇಳಿ ಹೇಳಿ ನುಣುಪಾಗಿವೆ, ಎಲ್ಲಿ ನಗಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದೂ ಗೊತ್ತು. ಯಾರಿಗೆ ಬಾಯಿ ಬೇಗ ತೆರೆಯುತ್ತದೋ ಅವರದ್ದೇ ಸರದಿ ಎಂಬ ನಿಯಮದಲ್ಲಿ, ಯಾರಿಗೆ ಸರದಿ ಹೆಚ್ಚು ಬೇಕಾಗಿದೆಯೋ ಅವನೇ ಪ್ರತಿ ವಾರ ಸೋಲುತ್ತಾನೆ.

ಅದು ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡಿ. ಎರಡನೇ ಸಲ ಬಂದವನೊಬ್ಬ ಬಾಯಿ ತೆರೆಯುತ್ತಾನೆ: ‘ಮಗಳು ಫೋನ್ ಎತ್ತುತ್ತಿಲ್ಲ. ಹುಟ್ಟುಹಬ್ಬದ ದಿನವೂ ಎತ್ತಲಿಲ್ಲ.’ ಅಷ್ಟು ಹೇಳಿ ಅಂಗೈಯಿಂದ ಮಂಡಿ ಉಜ್ಜಿಕೊಳ್ಳುತ್ತ ನೆಲ ನೋಡುತ್ತಾನೆ. ಮುಂದಿನ ಮಾತು ಗಂಟಲವರೆಗೆ ಬಂದಿದೆ. ಅಷ್ಟರಲ್ಲಿ ಎದುರಿನ ಹಿರಿಯರು ಬಹಳ ಅಕ್ಕರೆಯಿಂದಲೇ ಹೇಳುತ್ತಾರೆ: ‘ನನ್ನದೂ ಹೀಗೇ ಆಗಿತ್ತು. ಮೊದಲ ಎರಡು ವರ್ಷ ನನ್ನ ಮಗನೂ…’ ಅಲ್ಲಿಂದ ಹನ್ನೆರಡು ನಿಮಿಷ. ಮಗ ಹೇಗೆ ಮರಳಿ ಬಂದ, ವಕೀಲರು ಏನು ಹೇಳಿದ್ದರು, ತಾಳ್ಮೆ ಎಷ್ಟು ಮುಖ್ಯ. ಕತೆ ಸುಖಾಂತವಾಗುತ್ತದೆ, ಎಲ್ಲರೂ ತಲೆದೂಗುತ್ತಾರೆ. ಹೊಸಬನೂ ತಲೆದೂಗಿ ‘ಹೌದು, ಧನ್ಯವಾದ’ ಎನ್ನುತ್ತಾನೆ. ಹಿರಿಯರ ಮಟ್ಟಿಗೆ ಅವರು ಒಬ್ಬನಿಗೆ ಧೈರ್ಯ ತುಂಬಿದರು. ಹೊಸಬ ತನ್ನ ಮಗಳ ಹೆಸರನ್ನೂ ಹೇಳದೆ ಮನೆಗೆ ಹೋದ. ಕೋಣೆಯಲ್ಲಿ ಯಾರೂ ಕೆಟ್ಟದ್ದು ಮಾಡಿಲ್ಲ, ಅದೇ ಇದರ ಕಷ್ಟ. ಬೈದಿದ್ದರೆ ಎದ್ದುನಿಂತು ಪ್ರತಿಭಟಿಸಬಹುದಿತ್ತು.

ಹಿರಿಯರು ಯಾಕೆ ಹೀಗೆ ಮಾಡುತ್ತಾರೆ ಎಂಬುದಕ್ಕೆ ‘ಅಹಂಕಾರ’ ಎಂದು ಉತ್ತರ ಕೊಟ್ಟು ಮುಗಿಸುವವರಿದ್ದಾರೆ. ನನಗೆ ಆ ಉತ್ತರ ಸೋಮಾರಿತನದ್ದು ಅನ್ನಿಸುತ್ತದೆ. ಇನ್ನೊಬ್ಬರಿಗೆ ನೆರವಾಗುವುದರಿಂದ ನೆರವು ಕೊಟ್ಟವನಿಗೇ ಹೆಚ್ಚು ಲಾಭವಾಗಬಹುದು ಎಂದು ಅಮೆರಿಕದ ಸಮಾಜ ಮನಶ್ಶಾಸ್ತ್ರಜ್ಞ ಫ್ರಾಂಕ್ ರೀಸ್ಮನ್ 1965ರಲ್ಲೇ ಬರೆದಿದ್ದರು. ನಿಮ್ಮದರಂಥ ಬೆಂಬಲ ಗುಂಪುಗಳು ನಿಂತಿರುವುದು ಈ ತತ್ತ್ವದ ಮೇಲೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದೂ ಹಾಗೆಯೇ. 1935ರಲ್ಲಿ ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್, ಪರವೂರಾದ ಅಮೆರಿಕದ ಆಕ್ರನ್‌ನಲ್ಲಿ ಮತ್ತೆ ಲೋಟಕ್ಕೆ ಕೈಹಾಕುವ ಭಯ ಹುಟ್ಟಿದಾಗ, ಇನ್ನೊಬ್ಬ ಕುಡುಕನನ್ನು ಹುಡುಕಿಕೊಂಡು ಹೋದರು. ಹಾಗೆ ಸಿಕ್ಕವರು ವೈದ್ಯ ಬಾಬ್ ಸ್ಮಿತ್. ವಿಲ್ಸನ್ ಆ ವೈದ್ಯರಿಗೆ ಉಪದೇಶ ಮಾಡಲು ಹೋಗಿರಲಿಲ್ಲ, ತಾನು ಉಳಿದುಕೊಳ್ಳಲು ಹೋಗಿದ್ದರು. ನಿಮ್ಮ ಗುಂಪಿನ ಮೂವರಿಗೂ ಹೀಗೇ ಆಗಿರಬಹುದು. ವರ್ಷಗಳ ಹಿಂದೆ ಮುರಿದುಬಿದ್ದಾಗ ಅವರನ್ನು ಎತ್ತಿ ನಿಲ್ಲಿಸಿದ್ದು ಈ ವಾರದ ಒಂದೂವರೆ ಗಂಟೆ. ‘ದಾಟಿ ಬಂದವನು’ ಎಂಬ ಸ್ಥಾನವನ್ನು ಕಸಿದರೆ ತಮ್ಮ ಬಳಿ ಏನು ಉಳಿದೀತು ಎಂಬ ಅಳುಕು ಒಳಗಿರುತ್ತದೆ. ನೀವು ‘ಸ್ವಲ್ಪ ಕಡಿಮೆ ಮಾತಾಡಿ’ ಎಂದರೆ ಅವರ ಕಿವಿಗೆ ‘ನೀವು ಇನ್ನು ಬೇಡ’ ಎಂದು ಕೇಳಿಸುವುದು ಅದಕ್ಕೇ.

ಇದರಲ್ಲಿ ಇನ್ನೊಂದು ಮಗ್ಗುಲಿದೆ. ಪ್ರತಿ ವಾರ ಧೈರ್ಯ ಹೇಳುವವರಿಗೆ ಧೈರ್ಯ ಹೇಳುವವರು ಯಾರೂ ಇರುವುದಿಲ್ಲ. ಅವರು ಹೇಳುವ ಕಷ್ಟವೆಲ್ಲ ಹಳೆಯದು, ಮುಗಿದದ್ದು. ನಿನ್ನೆ ರಾತ್ರಿ ನಿದ್ದೆ ಬಾರದೆ ಹೊರಳಾಡಿದ್ದನ್ನು, ಹೊಸದಾಗಿ ಬಂದ ಕಾಯಿಲೆಯ ವರದಿಯನ್ನು, ಮರುಮದುವೆಯೂ ಬಿರುಕು ಬಿಡುತ್ತಿರುವುದನ್ನು ಅವರು ಆ ಕುರ್ಚಿಯಿಂದ ಹೇಳಲಾರರು. ಗುಂಪು ಚಿಕಿತ್ಸೆಯಲ್ಲಿ ದೊಡ್ಡ ಹೆಸರಾದ ಮನೋವೈದ್ಯ ಇರ್ವಿನ್ ಯಾಲೊಮ್, ಸಭೆಯ ಮಾತನ್ನೆಲ್ಲ ತಾನೇ ಆವರಿಸಿಕೊಳ್ಳುವ ಸದಸ್ಯನ ಬಗ್ಗೆ ಪ್ರತ್ಯೇಕವಾಗಿಯೇ ಬರೆದಿದ್ದಾರೆ. ಅವರ ಪ್ರಕಾರ ಆ ಮಾತಿನ ಪ್ರವಾಹದ ಹಿಂದೆ ಹೆಚ್ಚಾಗಿ ಇರುವುದು ಕಳವಳ, ಅಂಥವನಿಂದ ನಾವು ಕೇಳಬೇಕಾದದ್ದು ನಿಜಕ್ಕೂ ಇನ್ನೂ ಹೆಚ್ಚು. ಮಾತು ಬಹಳ, ಆದರೆ ತನ್ನ ಬಗ್ಗೆ ಹೇಳಿದ್ದು ಕಡಿಮೆ. ನಿಮ್ಮ ಮೂವರನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. ಅವರಲ್ಲಿ ಒಬ್ಬರು ಕಳೆದ ವಾರ ಹೇಗಿದ್ದರೆಂದು ನಿಮಗೆ ಗೊತ್ತೇ? ಎಂಟು ತಿಂಗಳು ಅವರ ಮಾತು ಕೇಳಿದ ಮೇಲೂ ಗೊತ್ತಿಲ್ಲವೆಂದರೆ, ಆ ಗುಂಪು ಅವರಿಗೂ ಕೆಲಸ ಮಾಡುತ್ತಿಲ್ಲ.

ಯಾಲೊಮ್ ಇನ್ನೊಂದು ಮಾತನ್ನೂ ಒತ್ತಿ ಹೇಳುತ್ತಾರೆ, ಅದು ನಿಮಗೆ ಸ್ವಲ್ಪ ಚುಚ್ಚಬಹುದು. ಒಬ್ಬನೇ ಮಾತಾಡುತ್ತಿದ್ದಾನೆಂದರೆ ಉಳಿದವರು ಬಿಟ್ಟುಕೊಟ್ಟಿದ್ದಾರೆ ಎಂದೇ ಅರ್ಥ, ಬಿಟ್ಟುಕೊಡುವುದರಲ್ಲಿ ಅವರಿಗೂ ಅನುಕೂಲವಿದೆ. ಹಿರಿಯರು ಮಾತಾಡುತ್ತಿರುವಷ್ಟು ಹೊತ್ತು ನಿಮ್ಮ ಉಳಿದ ಒಂಬತ್ತು ಮಂದಿಗೆ ಬಾಯಿ ತೆರೆಯುವ ಅಪಾಯವಿಲ್ಲ. ಮನೆಗೆ ಹೋಗುವಾಗ ‘ಅವರು ಬಿಡುವುದೇ ಇಲ್ಲ ಮಾರಾಯರೇ’ ಎಂದು ಗೊಣಗಿಕೊಳ್ಳಬಹುದು, ಒಳಗೊಳಗೆ ನೆಮ್ಮದಿಯೂ ಇರುತ್ತದೆ. ಮೆಟ್ಟಿಲ ಬಳಿ, ವಾಹನ ನಿಲ್ಲಿಸಿದ ಜಾಗದಲ್ಲಿ ನಡೆಯುವ ಈ ಗೊಣಗಾಟವನ್ನು ಮೊದಲು ನಿಲ್ಲಿಸಿ. ಹೊರಗೆ ಆಡಿ ಹಗುರಾದ ಮಾತು ಒಳಗೆ ಬರುವುದಿಲ್ಲ.

ಈಗ ಮಾಡಬೇಕಾದ ಕೆಲಸ. ಸಭೆಯಲ್ಲಿ ಎದ್ದುನಿಂತು ಘೋಷಣೆ ಮಾಡಬೇಡಿ. ಹನ್ನೆರಡು ಗಂಡಸರ ಮುಂದೆ ಒಬ್ಬ ಹಿರಿಯರ ಮಾತಿಗೆ ಕತ್ತರಿ ಹಾಕಲು ಹೋದರೆ ಅದು ಮಾನದ ಪ್ರಶ್ನೆಯಾಗುತ್ತದೆ, ಆಮೇಲೆ ನಿಮ್ಮ ಸಲಹೆ ಎಷ್ಟು ಒಳ್ಳೆಯದೆಂದು ಯಾರಿಗೂ ಬೇಕಾಗಿರುವುದಿಲ್ಲ. ಮೂವರಲ್ಲಿ ಯಾರು ಕೇಳಿಸಿಕೊಳ್ಳುತ್ತಾರೆ ಎಂದು ಎಂಟು ತಿಂಗಳಲ್ಲಿ ನಿಮಗೆ ಅಂದಾಜು ಸಿಕ್ಕಿರುತ್ತದೆ. ಅವರೊಬ್ಬರನ್ನೇ ಬೇರೆ ದಿನ ಭೇಟಿಯಾಗಿ. ಫೋನಿನಲ್ಲಿ ಬೇಡ, ಸಂದೇಶದಲ್ಲಂತೂ ಖಂಡಿತ ಬೇಡ. ಹೀಗೆ ಶುರುಮಾಡಬಹುದು: ‘ನಾನು ಬಂದ ಹೊಸದರಲ್ಲಿ ನೀವು ನನ್ನ ಜೊತೆ ಕೂತು ಕೇಳಿದ್ದೇ ನನ್ನನ್ನು ಉಳಿಸಿದ್ದು. ಈಚೆಗೆ ಬಂದವರಿಗೆ ಅದು ಸಿಗುತ್ತಿಲ್ಲ ಅನ್ನಿಸುತ್ತಿದೆ. ಇಬ್ಬರು ಬಿಟ್ಟುಹೋದರು. ಏನು ಮಾಡಬಹುದು ಎಂದು ನಿಮ್ಮನ್ನೇ ಕೇಳೋಣ ಅಂತ ಬಂದೆ.’ ಇದು ಮುಖಸ್ತುತಿಯಲ್ಲ, ನೀವೇ ಬರೆದಂತೆ ಗುಂಪು ನಿಮ್ಮ ಕೈಹಿಡಿದದ್ದು ನಿಜವಲ್ಲವೇ? ಆಮೇಲೆ ಸುಮ್ಮನಾಗಿ. ಉಳಿದಿಬ್ಬರ ಮೇಲೆ ದೂರು ಹೇಳುವ ಆಸೆ ಬರುತ್ತದೆ, ಹೇಳಬೇಡಿ. ಆ ಮಾತು ಸಂಜೆಯೊಳಗೆ ಅವರನ್ನು ತಲುಪಿರುತ್ತದೆ.

ಬಿಟ್ಟುಹೋದ ಇಬ್ಬರಿಗೂ ಅದೇ ವಾರ ಒಂದು ಫೋನ್ ಮಾಡಿ. ವಾಪಸು ಬನ್ನಿ ಎಂದು ಒತ್ತಾಯಿಸಲು ಅಲ್ಲ, ಹೇಗಿದ್ದೀರಿ ಎಂದು ಕೇಳಲು. ಬಹುಪಾಲು ದೇಶಗಳಲ್ಲಿ ಆತ್ಮಹತ್ಯೆಗೆ ಬಲಿಯಾಗುವವರಲ್ಲಿ ಗಂಡಸರ ಸಂಖ್ಯೆಯೇ ಹೆಚ್ಚು. ಹೀಗಿರುವಾಗ, ಧೈರ್ಯ ಮಾಡಿ ಒಮ್ಮೆ ಬಾಗಿಲು ತಟ್ಟಿ ಬಂದ ಗಂಡಸು ಸದ್ದಿಲ್ಲದೆ ಮಾಯವಾದಾಗ ಗುಂಪಿನಿಂದ ಒಬ್ಬರೂ ವಿಚಾರಿಸದೆ ಇರುವುದು ನನ್ನ ದೃಷ್ಟಿಯಲ್ಲಿ ಹಳಬರ ಅತಿಮಾತಿಗಿಂತ ದೊಡ್ಡ ಲೋಪ.

ಸಭೆಯ ಮುಂದೆ ಇಡಬೇಕಾದ ಪ್ರಸ್ತಾಪ ಚಿಕ್ಕದಾಗಿರಲಿ, ಅವಧಿಯೂ ಇರಲಿ: ‘ನಾಲ್ಕು ವಾರ ಹೀಗೆ ನಡೆಸಿ ನೋಡೋಣ, ಐದನೇ ವಾರ ಬೇಕೋ ಬೇಡವೋ ತೀರ್ಮಾನಿಸೋಣ.’ ಶಾಶ್ವತ ನಿಯಮವೆಂದರೆ ‘ಮಾಡಿ ನೋಡಿದ್ದಾಯಿತು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ಬಂದರೂ ಗಾಬರಿಯಾಗಬೇಡಿ. ‘ಆಗ ಎಲ್ಲಿ ಎಡವಿತು, ಹೇಳಿ’ ಎಂದು ಕೇಳಿ. ನಿಜವಾಗಿಯೂ ಮಾಡಿ ನೋಡಿದ್ದರೆ ಅದರಲ್ಲಿ ಕಲಿಯುವುದು ಇದ್ದೇ ಇರುತ್ತದೆ. ಮಾಡಿ ನೋಡಿಲ್ಲವೆಂದರೆ ಅದೂ ಅಲ್ಲೇ ಬಯಲಾಗುತ್ತದೆ.

ನಾಲ್ಕು ವಾರದಲ್ಲಿ ಮಾಡುವುದು ಏನು? ಎಲ್ಲಕ್ಕಿಂತ ಮುಖ್ಯವಾದದ್ದು ಆರಂಭದ ಸುತ್ತು. ಪ್ರತಿಯೊಬ್ಬರಿಗೂ ಎರಡು ನಿಮಿಷ, ಈ ವಾರ ಹೇಗಿತ್ತು ಎಂಬುದಷ್ಟೇ ವಿಷಯ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಹನ್ನೆರಡು ಮಂದಿಗೆ ಇಪ್ಪತ್ನಾಲ್ಕು ನಿಮಿಷ ಸಾಕು. ಎರಡು ನಿಮಿಷ ಮಾತಾಡಲಾಗದವನು ಸುಮ್ಮನೆ ಕೂರಬಹುದು, ಆ ಎರಡು ನಿಮಿಷ ಅವನದ್ದೇ, ಮೌನವನ್ನು ಬೇರೆಯವರು ತುಂಬಬಾರದು. ಇದೊಂದರಿಂದಲೇ ಸೆಕೆಂಡಿನ ಐದನೇ ಭಾಗದ ಓಟ ನಿಲ್ಲುತ್ತದೆ. ಸುತ್ತನ್ನು ಹೊಸಬರಿಂದ ಶುರುಮಾಡಬೇಡಿ, ಅದು ಸಂದರ್ಶನದಂತೆ ಕಾಣುತ್ತದೆ. ಹಳಬರಿಂದಲೂ ಬೇಡ, ಅವರು ಹಾಕಿದ ದಾರಿಯಲ್ಲೇ ಎಲ್ಲರೂ ನಡೆಯುತ್ತಾರೆ. ನಡುವಿನ ಯಾರಾದರೂ ತೊಡಗಲಿ, ವಾರ ವಾರ ಬದಲಾಗಲಿ. ಸಮಯ ನೋಡುವ ಕೆಲಸ ಮೊಬೈಲಿನ ಗಂಟೆಗೆ ಬಿಡಿ. ಮನುಷ್ಯ ತಡೆದರೆ ಬೇಸರ, ಗಂಟೆ ತಡೆದರೆ ನಗು. ಒಂದೇ ಅಪವಾದ: ಯಾರಾದರೂ ಬದುಕು ಸಾಕೆನಿಸಿದೆ ಎಂಬಂಥ ಮಾತಾಡಿದರೆ ಗಂಟೆ, ಸರದಿ ಎಲ್ಲ ಬದಿಗೆ. ಅಂದು ಅವರನ್ನು ಒಂಟಿಯಾಗಿ ಕಳಿಸಬಾರದು, ವೈದ್ಯಕೀಯ ನೆರವು ಸಿಗುವ ತನಕ ಯಾರಾದರೂ ಜೊತೆಗಿರಬೇಕು.

ಎರಡನೆಯದು, ಒಬ್ಬರು ಹೇಳಿಕೊಂಡ ಮೇಲೆ ಅವರನ್ನೇ ಕೇಳುವುದು: ‘ಸುಮ್ಮನೆ ಕೇಳಿದರೆ ಸಾಕೇ, ಅಥವಾ ನಮ್ಮ ಅನುಭವವೂ ಬೇಕೇ?’ ಕೇಳಿದರೆ ಸಾಕು ಎಂದರೆ ಮುಗಿಯಿತು. ಮೇಲೆ ಹೇಳಿದ ಮಗಳ ತಂದೆಗೆ ಈ ಒಂದು ಪ್ರಶ್ನೆ ಸಿಕ್ಕಿದ್ದರೆ ಹನ್ನೆರಡು ನಿಮಿಷದ ಸುಖಾಂತ ತಪ್ಪುತ್ತಿತ್ತು.

ಸಭೆ ನಡೆಸುವ ಹೊಣೆ ಸರದಿಯ ಮೇಲೆ ಸುತ್ತಲಿ. ಇದು ಹೊಸ ಆವಿಷ್ಕಾರವೇನಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ 1950ರಲ್ಲಿ ಒಪ್ಪಿಕೊಂಡ ಹನ್ನೆರಡು ಸಂಪ್ರದಾಯಗಳಲ್ಲಿ ಎರಡನೆಯದು, ನಾಯಕರು ನಂಬಿಕೆಯ ಸೇವಕರು, ಆಳುವವರಲ್ಲ ಎನ್ನುತ್ತದೆ. ಅವರ ಗುಂಪುಗಳಲ್ಲಿ ಹೊಣೆಗಾರಿಕೆ ಕೈಯಿಂದ ಕೈಗೆ ಬದಲಾಗುತ್ತಿರುತ್ತದೆ. ಗುಂಪು ಕಟ್ಟಿದ ಹಿರಿಯರನ್ನು ಏನು ಮಾಡುವುದು ಎಂಬ ಸಂಕಟ ಅವರಿಗೂ ಬಂದಿತ್ತು. ವಿಲ್ಸನ್ ಅವರೇ ವಿವರಿಸಿದ್ದಾರೆ: ಅಧಿಕಾರ ಗುಂಪಿನ ಕೈಗೆ ಹೋದಾಗ ಹಿರಿಯರು ಎರಡು ದಾರಿಯಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಗುಂಪಿನ ತೀರ್ಮಾನ ಒಪ್ಪಿ, ಕೇಳಿದಾಗ ಸಲಹೆ ಕೊಡುತ್ತ, ತೆರೆಮರೆಗೆ ಸರಿಯುತ್ತಾರೆ. ಇನ್ನು ಕೆಲವರು ತಾವಿಲ್ಲದಿದ್ದರೆ ಎಲ್ಲ ಮುಳುಗುತ್ತದೆಂದು ಮರುಗುತ್ತ, ಮತ್ತೆ ಚುಕ್ಕಾಣಿಗೆ ಕೈಚಾಚುತ್ತಲೇ ಇರುತ್ತಾರೆ. ಈ ಎರಡನೇ ದಾರಿಗೆ ಹಿರಿಯರನ್ನು ತಳ್ಳುವುದರಲ್ಲಿ ಗುಂಪಿನ ಪಾಲೂ ಇರುತ್ತದೆ ಎಂಬುದು ನನ್ನ ಅಭಿಪ್ರಾಯ. ಹಳೆಯ ಹೊಣೆ ಕಸಿದುಕೊಂಡು ಹೊಸದನ್ನು ಕೊಡದೆ ಹೋದರೆ ಅವರು ಮತ್ತೇನು ಮಾಡಿಯಾರು?

ಆದ್ದರಿಂದ ಕೊಡಿ. ಹೊಸಬರು ಬಂದಾಗ ಮೊದಲ ಒಂದು ತಿಂಗಳು ಅವರ ಜೊತೆಗಿರುವ ಕೆಲಸ ಮೂವರಿಗೂ ಹಂಚಿ. ಸಭೆಗೆ ಹದಿನೈದು ನಿಮಿಷ ಮೊದಲು ಬಂದು ಮಾತಾಡಿಸುವುದು, ವಾರದ ನಡುವೆ ಒಮ್ಮೆ ವಿಚಾರಿಸುವುದು, ಬಾರದಿದ್ದರೆ ಫೋನ್ ಮಾಡುವುದು. ಅವರ ಅನುಭವ ಒಬ್ಬನ ಎದುರು ಕೂತು ಆಡಿದಾಗ ಚಿನ್ನ. ಅದೇ ಮಾತು ಹನ್ನೆರಡು ಮಂದಿಯ ಮುಂದೆ ಭಾಷಣವಾಗುತ್ತದೆ.

ಮೂವರಲ್ಲಿ ಬೇರೆ ಥರದವರೂ ಒಬ್ಬರು ಇರಬಹುದು, ಸರಿಯಾಗಿ ಗಮನಿಸಿ. ಹೆಚ್ಚು ಮಾತಾಡುವವರು ಒಂದು ಬಗೆ, ಹೆಚ್ಚು ಆಳುವವರು ಇನ್ನೊಂದು. ಎರಡನೆಯವರ ಮಾತು ಕಡಿಮೆಯೇ ಇರಬಹುದು. ಯಾರಾದರೂ ಮಾತಾಡುವಾಗ ಒಂದು ನಿಟ್ಟುಸಿರು, ಪಕ್ಕದವರತ್ತ ಒಂದು ನೋಟ, ‘ನಿಮಗೆ ಇನ್ನೂ ಅರ್ಥವಾಗುವುದಿಲ್ಲ’ ಎಂಬ ಒಂದು ವಾಕ್ಯ. ಅಷ್ಟರಿಂದ ಕೋಣೆ ತಣ್ಣಗಾಗುತ್ತದೆ. ಮಾತುಗಾರರನ್ನು ಸರದಿಯ ನಿಯಮ ಹದಕ್ಕೆ ತರುತ್ತದೆ. ಆಳುವವರು ಅದೇ ನಿಯಮವನ್ನು ಹಿಡಿದುಕೊಂಡು ಇನ್ನಷ್ಟು ಆಳುತ್ತಾರೆ. ಅಂಥವರಿಗೆ ನೇರ ಮಾತು ಬೇಕು, ಆದರೆ ಅವರ ಗುಣವನ್ನಲ್ಲ, ನಡೆದದ್ದನ್ನು ಹೇಳುವ ಮಾತು: ‘ಅವರು ಮಾತಾಡುವಾಗ ನೀವು ನಕ್ಕಿರಿ, ಅವರು ಅಲ್ಲಿಗೇ ನಿಲ್ಲಿಸಿದರು. ಮುಂದುವರಿಸಲು ಬಿಡೋಣ.’ ಒಮ್ಮೆ ಶಾಂತವಾಗಿ ಹೇಳಿದರೆ ಸಾಕು, ಎರಡನೇ ಸಲ ಇನ್ನೊಬ್ಬರು ಹೇಳುವ ಧೈರ್ಯ ಮಾಡುತ್ತಾರೆ.

ಯಾವ ನಿಯಮವೂ ಬರುವ ಮೊದಲು, ಬರುವ ವಾರವೇ ನೀವು ಮಾಡಬಹುದಾದ ಕೆಲಸ ಒಂದಿದೆ. ಹಿರಿಯರ ಕತೆ ಶುರುವಾದಾಗ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಹೇಳಿ: ‘ಒಂದು ನಿಮಿಷ, ಅವರು ಮಗಳ ವಿಷಯ ಹೇಳುತ್ತಿದ್ದರು, ಅದು ಮುಗಿಯಲಿಲ್ಲ ಅನ್ನಿಸಿತು.’ ಹೇಳಿ ಹೊಸಬನ ಕಡೆ ತಿರುಗಿ, ಹಿರಿಯರ ಮುಖ ನೋಡುತ್ತ ಕೂರಬೇಡಿ. ಕೋಣೆಯ ಕಣ್ಣುಗಳೂ ನಿಮ್ಮ ಜೊತೆ ತಿರುಗುತ್ತವೆ. ಇನ್ನೊಂದು ದಿನ, ಹಿರಿಯರು ತಮ್ಮ ಹಳೆಯ ಕತೆ ಮುಗಿಸಿದಾಗ, ‘ಅದು ಆಗ. ಈಗ ಹೇಗಿದ್ದೀರಿ?’ ಎಂದು ಕೇಳಿ. ವ್ಯಂಗ್ಯ ನುಸುಳದಂತೆ ಕೇಳಿ. ಉತ್ತರ ಬರಲು ತಡವಾಗುತ್ತದೆ, ಕಾಯಿರಿ.

ಇಷ್ಟೆಲ್ಲ ಮಾಡಿದ ಮೇಲೂ ಮೂರು ತಿಂಗಳಲ್ಲಿ ಏನೂ ಅಲುಗಾಡದಿದ್ದರೆ ಬಿಡುವುದು ಕೃತಘ್ನತೆಯಲ್ಲ. ಆದರೆ ಸದ್ದಿಲ್ಲದೆ ಬಿಡಬೇಡಿ. ಕೊನೆಯ ಸಭೆಗೆ ಹೋಗಿ, ಸಿಕ್ಕಿದ್ದಕ್ಕೆ ಕೃತಜ್ಞತೆ ಹೇಳಿ, ಹೋಗುತ್ತಿರುವ ಕಾರಣವನ್ನೂ ಎರಡು ವಾಕ್ಯದಲ್ಲಿ ಹೇಳಿ, ವಾದಕ್ಕೆ ಕೂರದೆ ಹೊರಡಿ. ಐದಾರು ಮಂದಿಯ ಹೊಸ ಗುಂಪು ಕಟ್ಟುವ ಮನಸ್ಸಿದ್ದರೆ ಸರದಿ, ಸಮಯ, ಸಭೆ ನಡೆಸುವವರ ಬದಲಾವಣೆ ಇವನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ, ಆರು ತಿಂಗಳಿಗೊಮ್ಮೆ ತೆಗೆದು ಓದಿ. ಈ ನಡುವೆ ನಿಮ್ಮ ವಿಚ್ಛೇದನದ ಭಾರ ಇನ್ನೂ ಇಳಿದಿಲ್ಲವಾದರೆ, ನಿದ್ದೆ ಊಟ ತಪ್ಪುತ್ತಿದ್ದರೆ, ಗುಂಪು ಸರಿಹೋಗುವ ತನಕ ಕಾಯಬೇಡಿ. ಒಬ್ಬ ಆಪ್ತಸಮಾಲೋಚಕರನ್ನು ಪ್ರತ್ಯೇಕವಾಗಿ ಕಾಣಿ. ಅಲ್ಲಿ ಪೂರ್ತಿ ಒಂದು ಗಂಟೆ ನಿಮ್ಮದೇ ಸರದಿ.